ಮನೆಯಲ್ಲಿ ಎರಡು ಧರ್ಮ, ಯಾವ ಊರಿಗೆ ಹೋಗೋಣ?

ಪ್ರಶ್ನೆ: ನನಗೆ 36 ವರ್ಷ. ತವರು ಮಂಡ್ಯ ಕಡೆ. ನನ್ನ ಗಂಡ ವಿಜಯಪುರದ ಮುಸ್ಲಿಂ ಕುಟುಂಬದವರು. ಒಂಬತ್ತು ವರ್ಷದ ಹಿಂದೆ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದೆವು. ಇಬ್ಬರೂ ಹೆಸರು, ಧರ್ಮ ಬದಲಿಸಿಕೊಂಡಿಲ್ಲ. ಮಗಳಿಗೆ ಆರು ತುಂಬುತ್ತಿದೆ. ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ, ಹಾಗಾಗಿ ಬೆಂಗಳೂರು ಬಿಡಬೇಕು ಅಂದುಕೊಂಡಿದ್ದೇವೆ. ಮೈಸೂರು, ಮಂಗಳೂರು, ಧಾರವಾಡ ಮನಸ್ಸಿನಲ್ಲಿವೆ. ಅತ್ತೆಯೂ ನಮ್ಮ ಜೊತೆ ಇರಲು ಬರುತ್ತಾರೆ. ಅವರು ಐದು ಹೊತ್ತು ನಮಾಜ್ ಮಾಡುವವರು. ‘ಮಂಗಳೂರು ಬೇಡವೇ ಬೇಡ, ಮೈಸೂರು ಶಾಂತ’ ಅಂತ ಗೆಳೆಯರು ಹೇಳುತ್ತಾರೆ. ನಾವು ಹಿಂದೂಗಳಿರುವ ಏರಿಯಾದಲ್ಲಿ ಇರಬೇಕಾ, ಮುಸ್ಲಿಮರಿರುವ ಕಡೆಯಾ? ಮನೆ ಹುಡುಕುವಾಗ ನನ್ನ ಹೆಸರು ಮಾತ್ರ ಹೇಳಿದರೆ ತಪ್ಪಾ? ಮಗಳನ್ನು ‘ನೀನು ಯಾವ ಜನ’ ಅಂತ ಯಾರೂ ಕೇಳದ ಊರು ಇದೆಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಯಾರೂ ಕೇಳದ ಊರು ನಮ್ಮ ರಾಜ್ಯದಲ್ಲಿ ಇಲ್ಲ. ಕೇಳಿದ ಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ಊರಿಂದ ಊರಿಗೆ, ಒಂದೇ ಊರಿನೊಳಗೆ ಬೀದಿಯಿಂದ ಬೀದಿಗೆ ಬೇರೆ.

ನಾನು ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ರಿಜಿಸ್ಟರ್ ಮದುವೆ, ಬಾಡಿಗೆ ಕರಾರು, ಮನೆ ಖಾಲಿ ಮಾಡಿಸುವ ತಕರಾರು ಇವೇ ನನ್ನ ದಿನನಿತ್ಯದ ಕೆಲಸ. ನಿಮ್ಮಂಥ ಜೋಡಿಗಳು ಬಹಳ ಮಂದಿ ಬಂದಿದ್ದಾರೆ. ಅವರಲ್ಲಿ ಜಾಸ್ತಿ ಜನರಿಗೆ ತೊಂದರೆ ಕೊಟ್ಟಿದ್ದು ಊರಲ್ಲ, ಸ್ವಂತ ಮನೆಯವರು. ಆದ್ದರಿಂದ ನಾನು ಮೊದಲು ಕೇಳುವುದು ಇದು: ಎರಡೂ ಕಡೆಯ ನೆಂಟರು ಈಗ ಹೇಗಿದ್ದಾರೆ? ನಿಮ್ಮ ತಂದೆ, ಅಣ್ಣತಮ್ಮಂದಿರು ಮಾತಾಡುತ್ತಿದ್ದರೆ ಮಂಡ್ಯಕ್ಕೆ ಹತ್ತಿರದ ಮೈಸೂರು ನಿಮಗೆ ಆಸರೆ. ಸಿಟ್ಟು ಇನ್ನೂ ಆರಿಲ್ಲ ಅಂದರೆ ಅದೇ ಹತ್ತಿರ ನಿಮಗೆ ಭಾರ. ಇದನ್ನು ಪತ್ರದಲ್ಲಿ ಬರೆದಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು ಮೊದಲು ಇದನ್ನು ಮಾತಾಡಿಕೊಳ್ಳಿ.

ಈಗ ಜನ ಹೇಳುವ ಕೆಲವು ಮಾತುಗಳಿಗೆ ಬರೋಣ. ‘ನಮ್ಮ ಊರಲ್ಲಿ ಎಲ್ಲ ಧರ್ಮದವರೂ ಅಣ್ಣತಮ್ಮಂದಿರ ಹಾಗೆ’ ಅಂತ ಎಲ್ಲ ಊರಿನವರೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ನಮ್ಮ ದೇಶದಲ್ಲಿ ಸುಮಾರು 30,000 ಜನರನ್ನು ಮಾತಾಡಿಸಿ 2021ರಲ್ಲಿ ವರದಿ ಕೊಟ್ಟಿತು. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯರಾಗಲು ಬಹಳ ಮುಖ್ಯ ಅಂದವರು ನೂರಕ್ಕೆ 84 ಮಂದಿ. ಅದೇ ಸಮೀಕ್ಷೆಯಲ್ಲಿ ಪಕ್ಕದ ಮನೆಗೆ ಮುಸ್ಲಿಮರು ಬರುವುದು ಒಪ್ಪಿಗೆಯಿಲ್ಲ ಅಂದ ಹಿಂದೂಗಳು ನೂರಕ್ಕೆ 36. ತಮ್ಮ ಹೆಣ್ಣುಮಕ್ಕಳು ಬೇರೆ ಧರ್ಮಕ್ಕೆ ಮದುವೆಯಾಗುವುದನ್ನು ತಡೆಯುವುದು ಬಹಳ ಮುಖ್ಯ ಅಂದವರು ಹಿಂದೂಗಳಲ್ಲಿ ನೂರಕ್ಕೆ 67, ಮುಸ್ಲಿಮರಲ್ಲಿ 80. ಅಂದರೆ ನಮ್ಮ ಜನರಿಗೆ ಗೌರವವೂ ನಿಜ, ದೂರವೂ ನಿಜ. ಹಬ್ಬಕ್ಕೆ ಸಿಹಿ ಹಂಚುತ್ತಾರೆ, ಮನೆ ಮಾತ್ರ ಕೊಡುವುದಿಲ್ಲ. ನೀವು ಎರಡು ಧರ್ಮಗಳ ನಡುವಿನ ಆ ದೂರವನ್ನು ಒಂದೇ ಮನೆಯೊಳಗೆ ಅಳಿಸಿದವರು. ಸುಮ್ನೆ ‘ಸೌಹಾರ್ದದ ಊರು’ ಅನ್ನುವ ಹೆಸರು ನಿಮಗೆ ಸಾಲದು.

ಒಂದು ಉದಾಹರಣೆ ಕೊಡುತ್ತೇನೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಬಪ್ಪ ಅನ್ನುವ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಅನ್ನುವ ಕತೆಯನ್ನು ಊರಿನವರೇ ಅಭಿಮಾನದಿಂದ ಹೇಳುತ್ತಾರೆ. ಊರಿನ ಹೆಸರಲ್ಲೇ ಅವನಿದ್ದಾನೆ. 2022ರಲ್ಲಿ ಅದೇ ದೇವಸ್ಥಾನದ ಜಾತ್ರೆಯಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಅಂತ ಬ್ಯಾನರ್ ಕಟ್ಟಿದ್ದರು. ಆ ಬ್ಯಾನರಿಂದ ಕತೆ ಸುಳ್ಳಾಗುವುದಿಲ್ಲ, ಕತೆ ಇದೆ ಅಂತ ಬ್ಯಾನರ್ ಕಟ್ಟುವುದೂ ನಿಲ್ಲಲಿಲ್ಲ. ನಮ್ಮ ಕಡೆ ಎರಡೂ ಧರ್ಮದವರು ಸೇರುವ ಶಿರಹಟ್ಟಿ ಫಕೀರೇಶ್ವರ ಮಠ, ತಿಂಥಣಿ ಮೌನೇಶ್ವರ, ಮುದಗಲ್ಲಿನ ಮೊಹರಂ ಎಲ್ಲ ಇವೆ. ಅವು ನನಗೆ ಪ್ರೀತಿಯ ಜಾಗಗಳು. ಆದರೆ ಜಾತ್ರೆ ನೋಡಿ ಊರು ಆರಿಸಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: ಗಲಾಟೆ ಆಗದ ಊರೇ ಒಳ್ಳೆಯ ಊರು. ಕೆಲವು ಊರುಗಳಲ್ಲಿ ಗಲಾಟೆ ಆಗದಿರುವುದು ಅಲ್ಲಿ ಬೇರೆಯವರೇ ಇಲ್ಲದ್ದರಿಂದ. ಅಲ್ಲಿಗೆ ಹೋದರೆ ಮೊದಲನೆಯವರು ನೀವೇ ಆಗುತ್ತೀರಿ. ರಾಜಕೀಯ ಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅವರು 1950ರಿಂದ 1995ರವರೆಗಿನ ಕೋಮುಗಲಭೆಗಳ ಲೆಕ್ಕ ತೆಗೆದಿದ್ದರು. ಸತ್ತವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಎಂಟೇ ನಗರಗಳಲ್ಲಿ ಸತ್ತಿದ್ದರು. ಅವರು ಕೇರಳದ ಕೋಯಿಕ್ಕೋಡನ್ನೂ ಉತ್ತರ ಪ್ರದೇಶದ ಅಲಿಗಢವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಕಡೆ ಮುಸ್ಲಿಮರ ಪಾಲು ಹೆಚ್ಚುಕಡಿಮೆ ಒಂದೇ. ಅಲಿಗಢದಲ್ಲಿ ಪದೇಪದೇ ಗಲಭೆ, ಕೋಯಿಕ್ಕೋಡಿನಲ್ಲಿ ಇಲ್ಲ. ಕೋಯಿಕ್ಕೋಡಿನಲ್ಲಿ ವರ್ತಕರ ಸಂಘ, ಕಾರ್ಮಿಕ ಸಂಘ, ಕ್ಲಬ್ಬುಗಳಲ್ಲಿ ಎರಡೂ ಧರ್ಮದವರು ಒಟ್ಟಿಗೆ ಇದ್ದರು. ಪುಕಾರು ಹಬ್ಬಿದರೆ ಒಬ್ಬರಿಗೊಬ್ಬರು ಫೋನು ಮಾಡಿ ನಿಜವೋ ಸುಳ್ಳೋ ತಿಳಿದುಕೊಳ್ಳುವಷ್ಟು ಗುರುತಿತ್ತು.

ಇದನ್ನು ಓದಿದ ಮೇಲೆ ಮನೆ ನೋಡಲು ಹೋದ ಕಡೆಯೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ‘ಹೋದ ಸಲ ಇಲ್ಲಿ ಜಗಳ ಆದಾಗ ಯಾರು ಬಂದು ಕೂತು ಬಗೆಹರಿಸಿದರು?’ ಕಿರಾಣಿ ಅಂಗಡಿಯವರನ್ನು, ಆಟೋ ಸ್ಟ್ಯಾಂಡಿನವರನ್ನು, ಟೈಲರ್ ಅಂಗಡಿಯ ಹೆಂಗಸರನ್ನು ಕೇಳುತ್ತೇನೆ. ‘ನಮ್ಮಲ್ಲಿ ಜಗಳವೇ ಆಗಲ್ಲ’ ಅಂದರೆ ನನಗೆ ಸಮಾಧಾನವಾಗುವುದಿಲ್ಲ. ‘ಆಗಿತ್ತು ಸರ್, ಮೆರವಣಿಗೆ ವಿಷಯಕ್ಕೆ. ಆ ಮೇಷ್ಟ್ರು, ಈ ಹಾಜಿ ಸಾಹೇಬ್ರು ಸೇರಿ ಮುಗಿಸಿದ್ರು’ ಅಂತ ಎರಡು ಹೆಸರು ಹೇಳಿದರೆ ಆ ಬೀದಿಯಲ್ಲಿ ಮನೆ ನೋಡಬಹುದು.

ಮಂಗಳೂರಿನ ಬಗ್ಗೆ ನಿಮ್ಮ ಗೆಳೆಯರ ಭಯಕ್ಕೆ ಕಾರಣ ಇಲ್ಲದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅಲ್ಲಿ ಚರ್ಚುಗಳ ಮೇಲೆ ದಾಳಿ ಆಯಿತು. 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದರು. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಬಸ್ಸಲ್ಲಿ ಕೂತರೆ, ಬೀಚಿಗೆ ಹೋದರೆ ಅಡ್ಡಗಟ್ಟಿ ಹೆಸರು ಕೇಳುವ ಗುಂಪುಗಳು ಎರಡೂ ಕಡೆ ಇವೆ. ಇದನ್ನು ಮುಚ್ಚಿಡಲಾರೆ. ಆದರೆ ಇನ್ನೊಂದು ಮುಖವೂ ಇದೆ. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 67 ಹಿಂದೂಗಳು, 24 ಮುಸ್ಲಿಮರು, 8 ಕ್ರೈಸ್ತರು. ನಿಮ್ಮ ಮಗಳ ತರಗತಿಯಲ್ಲಿ ಮೂರೂ ಧರ್ಮದ ಮಕ್ಕಳಿರುತ್ತಾರೆ, ಅವಳ ಹೆಸರು ಯಾರಿಗೂ ಹೊಸದಲ್ಲ. ತುಳು, ಬ್ಯಾರಿ, ಕೊಂಕಣಿ ಒಂದೇ ಅಂಗಡಿಯಲ್ಲಿ ಕೇಳಿಸುತ್ತವೆ. ಆಸ್ಪತ್ರೆ, ಶಾಲೆಗಳು ಚೆನ್ನಾಗಿವೆ. ಮದುವೆಯಾಗಿ ಮಗುವಿರುವ ಸಂಸಾರಕ್ಕೆ ಅಲ್ಲಿನ ಅಪಾರ್ಟ್‌ಮೆಂಟ್ ಬದುಕು ಕಷ್ಟವಲ್ಲ. ಕಾಲೇಜು ಹುಡುಗ ಹುಡುಗಿಯರಿಗೆ ಅಪಾಯ ಜಾಸ್ತಿ. ನಿಮ್ಮ ಮಗಳೂ ಒಂದು ದಿನ ಕಾಲೇಜಿಗೆ ಹೋಗುತ್ತಾಳೆ ಅಲ್ವಾ? ಆ ಲೆಕ್ಕವನ್ನೂ ಹಾಕಿ.

ಮೈಸೂರು ಶಾಂತ ಅನ್ನುವುದು ಅರ್ಧ ನಿಜ. 2009ರಲ್ಲಿ ಕ್ಯಾತಮಾರನಹಳ್ಳಿ ಸುತ್ತ ಗಲಭೆಯಾಗಿತ್ತು. ಮುಸ್ಲಿಮರು ಹೆಚ್ಚಾಗಿ ಉದಯಗಿರಿ, ರಾಜೀವನಗರದ ಕಡೆ, ಉಳಿದವರು ಬೇರೆ ಬಡಾವಣೆಗಳಲ್ಲಿ ಅನ್ನುವಂತೆ ಊರು ಹಂಚಿಹೋಗಿದೆ. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ ಕಡೆ ಹಳೆಯ ಬೆರಕೆ ಇನ್ನೂ ಉಳಿದಿದೆ. ಸಂತ ಫಿಲೋಮಿನಾ ಚರ್ಚು ಇರುವುದೂ ಆ ಭಾಗದಲ್ಲೇ. ಹೊರಗಿನವರು ಬಂದು ಹೋಗುವ ಊರಾದ್ದರಿಂದ ಅಪರಿಚಿತರನ್ನು ಕಂಡು ಜನ ಗಾಬರಿಯಾಗುವುದಿಲ್ಲ. ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ರೈಲಿದೆ. ಆದರೆ ಸಸ್ಯಾಹಾರಿ ಮನೆಯವರು ಬಾಡಿಗೆಗೆ ಹಾಕುವ ಷರತ್ತು ಅಲ್ಲಿ ಜಾಸ್ತಿ. ಕೆಲವರಿಗೆ ಅಡುಗೆಯೇ ನಿಜವಾದ ಕಾರಣ. ಕೆಲವರು ಅಡುಗೆಯ ಮಾತನ್ನು ಧರ್ಮಕ್ಕೆ ಮುಸುಕು ಮಾಡಿಕೊಳ್ಳುತ್ತಾರೆ. ‘ನಾವು ಮಾಂಸ ಬೇಯಿಸುವುದಿಲ್ಲ’ ಅಂದ ಮೇಲೂ ಕುಂಟುನೆಪ ತೆಗೆದರೆ ಗೊತ್ತಾಗಿಬಿಡುತ್ತದೆ. ಅಲ್ಲಿಂದ ಎದ್ದುಬನ್ನಿ.

ಧಾರವಾಡ ನನಗೆ ಚೆನ್ನಾಗಿ ಗೊತ್ತಿರುವ ಊರು, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ಪಕ್ಕದ ಹುಬ್ಬಳ್ಳಿಯಲ್ಲಿ ಈದ್ಗಾ ಮೈದಾನದ ಗಲಾಟೆ, 1994ರ ಗೋಲಿಬಾರು ಎಲ್ಲರಿಗೂ ನೆನಪಿದೆ. 2022ರಲ್ಲೂ ಅಲ್ಲಿ ಕಲ್ಲು ತೂರಾಟವಾಯಿತು. ಧಾರವಾಡದ ಹದ ಬೇರೆ. ವಿಶ್ವವಿದ್ಯಾಲಯ, ಬಾಸೆಲ್ ಮಿಷನ್ನಿನ ಶಾಲೆ, ಅಂಜುಮನ್ ಕಾಲೇಜು ಅಂತ ಓದಿನ ಸುತ್ತ ಬೆಳೆದ ಊರು ಅದು. ಬಾಡಿಗೆ ಕೊಟ್ಟು ಬದುಕುವ ಮನೆಗಳು ಬಹಳ.

ಕೆಲವು ವರ್ಷದ ಹಿಂದೆ ನಿಮ್ಮಂಥದ್ದೇ ಒಂದು ಜೋಡಿಯ ಜೊತೆ ಅಲ್ಲೊಂದು ಮನೆ ನೋಡಲು ಹೋಗಿದ್ದೆ. ಮಾಲಕಿ ಎಪ್ಪತ್ತು ದಾಟಿದ ಅಜ್ಜಿ. ಹಿತ್ತಲಲ್ಲಿ ತುಳಸಿ ಕಟ್ಟೆ, ಪಕ್ಕದಲ್ಲಿ ಸಾಲಾಗಿ ಇಟ್ಟ ನೀಲಿ ಡ್ರಮ್ಮುಗಳು. ಕೋಣೆ, ಬಚ್ಚಲು ಎಲ್ಲ ತೋರಿಸಿದ ಮೇಲೆ ಬಾಗಿಲ ಬಳಿ ನಿಂತು ‘ನೀವು ಯಾರ ಪೈಕಿರಿ?’ ಅಂದರು. ಹುಡುಗ ನನ್ನ ಮುಖ ನೋಡಿದ. ಹುಡುಗಿಯೇ ಬಾಯಿಬಿಟ್ಟು ಇದ್ದದ್ದು ಇದ್ದಂಗೆ ಹೇಳಿದಳು. ‘ನಾನು ಲಿಂಗಾಯತರು, ಇವರು ಮುಸಲ್ಮಾನರು, ರಿಜಿಸ್ಟರ್ ಆಗಿದೆ.’ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೆರಗಿನ ತುದಿಯಿಂದ ಬೀಗದ ಕೈ ಒರೆಸುತ್ತಾ ನಿಂತಿದ್ದರು. ಆಮೇಲೆ ‘ಆತು ಬಿಡ್ರಿ. ನಳಾ ಎಂಟು ದಿನಕ್ಕೊಮ್ಮೆ ಬರತಾವ. ನೀರು ತುಂಬಿ ಇಟ್ಕೋಬೇಕು. ಮುಂದ ಹೇಳಲಿಲ್ಲ ಅನಬ್ಯಾಡ್ರಿ’ ಅಂದರು. ಆ ಜೋಡಿ ಆ ಮನೆಯಲ್ಲಿ ಐದು ವರ್ಷ ಇತ್ತು. ಅದೇ ಊರಿನಲ್ಲಿ ಅದೇ ವಾರ ಮೂರು ಮನೆಯವರು ಹೆಸರು ಕೇಳಿದ ಕೂಡಲೇ ‘ಮಗ ಬರ್ತಾನೆ, ಮನೆ ಬೇಕು’ ಅಂತ ವಾಪಸ್ ಕಳಿಸಿದ್ದರು ಅನ್ನುವುದನ್ನೂ ಹೇಳಿಬಿಡಬೇಕು.

ಹೆಸರು ಮುಚ್ಚಿಡುವ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ನೀವು ಕೇಳಿದ್ದು ತಪ್ಪಾ ಅಂತ. ನೀತಿಯ ಲೆಕ್ಕದಲ್ಲಿ ನಿಮ್ಮನ್ನು ನಾನು ತಪ್ಪು ಅನ್ನಲಾರೆ. ಮನೆ ಸಿಗದೆ ಸುತ್ತಿದವರ ಕಷ್ಟ ನನಗೆ ಗೊತ್ತು. ಆದರೆ ಆ ಗುಟ್ಟು ಬಹಳ ದಿನ ನಿಲ್ಲುವುದಿಲ್ಲ. ಹಾಗೆ ಮಾಡಿದ ಒಂದು ಮನೆಗೆ ಪಾರ್ಸೆಲ್ ತಂದ ಹುಡುಗ ಗೇಟಿನಲ್ಲಿ ನಿಂತು ಗಂಡನ ಪೂರ್ತಿ ಹೆಸರು ಕೂಗಿದ. ಮಾಲೀಕರು ಮೇಲಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ವಾರದೊಳಗೆ ಖಾಲಿ ಮಾಡಿ ಅಂದರು. ‘ಮೊದಲೇ ಹೇಳಿದ್ದರೆ ಕೊಡುತ್ತಿದ್ದೆನೋ ಏನೋ, ಮೋಸ ಮಾಡಿದ್ರಿ’ ಅನ್ನುವುದು ಅವರ ಮಾತು. ಕೊಡುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಆದರೆ ಅಕ್ಕಪಕ್ಕದವರೆಲ್ಲ ಮಾಲೀಕರ ಕಡೆಗೇ ನಿಂತರು. ಆರು ವರ್ಷದ ಮಗುವಿಗೆ ‘ಅಪ್ಪನ ಹೆಸರು ಹೊರಗೆ ಹೇಳಬೇಡ’ ಅಂತ ಕಲಿಸುವುದೂ ಸಣ್ಣ ವಿಷಯವಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಹೇಳಿಬಿಡಿ. ಹತ್ತು ಮನೆ ತಪ್ಪಿಹೋಗುತ್ತದೆ. ಹನ್ನೊಂದನೆಯದು ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಧರ್ಮ ನೋಡಿ ತಾರತಮ್ಯ ಮಾಡಬಾರದು ಅನ್ನುವ 15ನೇ ವಿಧಿ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯ ಮಟ್ಟಿಗೆ ಖಾಸಗಿಯವರಿಗೂ ಅದು ಅನ್ವಯ. ಬಾಡಿಗೆ ಮನೆ ಆ ಪಟ್ಟಿಯಲ್ಲಿ ಇಲ್ಲ. ಗುಜರಾತಿನ ಪಾರ್ಸಿಗಳ ವಸತಿ ಸಹಕಾರ ಸಂಘವೊಂದು ತನ್ನವರಿಗೆ ಮಾತ್ರ ಮನೆ ಅಂದಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು. ಹಾಗಾಗಿ ಮಾಲೀಕರು ‘ಕೊಡಲ್ಲ’ ಅಂದರೆ ಕೋರ್ಟಿಗೆ ಹೋಗಿ ಗೆಲ್ಲುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಕೊಟ್ಟ ಮೇಲೆ ಮಾತ್ರ ನಿಮಗೆ ಬಲ ಇದೆ. 11 ತಿಂಗಳ ಕರಾರಿನಲ್ಲಿ ಬಾಡಿಗೆದಾರರ ಜಾಗದಲ್ಲಿ ಇಬ್ಬರ ಹೆಸರೂ ಇರಲಿ, ಅತ್ತೆಯವರು ಜೊತೆಗಿರುತ್ತಾರೆ ಅಂತಲೂ ಬರೆಸಿ. ಬಾಡಿಗೆ ಬಾಕಿ ಬಿಟ್ಟು ಬೇರೆ ಕಾರಣಕ್ಕೆ ಅವಧಿಗೆ ಮುಂಚೆ ಬಿಡಿಸುವಂತಿಲ್ಲ, ಎರಡು ತಿಂಗಳ ನೋಟಿಸು ಬೇಕು ಅನ್ನುವ ಸಾಲು ಇರಲಿ. ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮದ ಪ್ರತಿ ಕೇಳಿ ಓದಿ. ಸಾಧ್ಯವಾದರೆ ಅಲ್ಲಿನವರೊಬ್ಬರ ಫೋನಿನಲ್ಲಿ ಅವರ ವಾಟ್ಸಾಪ್ ಗುಂಪನ್ನು ಐದು ನಿಮಿಷ ನೋಡಿ. ನಿಯಮದಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ.

ಮದುವೆ ಸರ್ಟಿಫಿಕೇಟಿನ ನಾಲ್ಕು ಪ್ರತಿ ಮಾಡಿಸಿ, ಒಂದು ಯಾವಾಗಲೂ ಫೋನಿನಲ್ಲಿರಲಿ. ಯಾರಾದರೂ ಅಡ್ಡಗಟ್ಟಿದರೆ ವಾದಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ. ಬೇರೆ ಜಾತಿ, ಧರ್ಮದಲ್ಲಿ ಮದುವೆಯಾದವರಿಗೆ ರಕ್ಷಣೆ ಕೊಡಲು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಆದೇಶ ಮಾಡಿದೆ. ಪೊಲೀಸರ ಮುಂದೆ ಆ ಪ್ರಕರಣದ ಹೆಸರು ಹೇಳಿದರೆ ಮಾತಿನ ಧಾಟಿ ಬದಲಾಗುವುದನ್ನು ನಾನೇ ಕಂಡಿದ್ದೇನೆ.

ಯಾವ ಏರಿಯಾ ಅನ್ನುವುದಕ್ಕೆ ಬರುತ್ತೇನೆ. ಮುಸ್ಲಿಮರೇ ಇರುವ ಮೊಹಲ್ಲಾದಲ್ಲಿ ಗಂಡನ ಹೆಸರಿಗೆ ಮನೆ ಬೇಗ ಸಿಗುತ್ತದೆ. ಆದರೆ ‘ಸೊಸೆ ಇನ್ನೂ ಕಲ್ಮಾ ಓದಿಲ್ವಾ’, ಅಂದರೆ ಇಸ್ಲಾಮಿಗೆ ಸೇರಿಲ್ವಾ ಅನ್ನುವ ಪ್ರಶ್ನೆ ನಿಮಗೆ ತಪ್ಪುವುದಿಲ್ಲ. ಊರಿನಲ್ಲಿ ಬಿಗುವಾದರೆ ಮೊದಲು ಬ್ಯಾರಿಕೇಡ್ ಬೀಳುವುದೂ ಅಲ್ಲೇ. ಪೂರಾ ಹಿಂದೂ ಬಡಾವಣೆಯಲ್ಲಿ ಎಲ್ಲರ ಕಣ್ಣು ನಿಮ್ಮ ಒಂದೇ ಮನೆಯ ಮೇಲಿರುತ್ತದೆ. ನನ್ನ ಅನುಭವದಲ್ಲಿ ನಿಮ್ಮಂಥವರು ನೆಮ್ಮದಿಯಾಗಿರುವುದು ಮೂರನೆಯ ಬಗೆಯ ಜಾಗಗಳಲ್ಲಿ. ರೈಲ್ವೆ, ಬ್ಯಾಂಕು, ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳ ಸುತ್ತ, ವರ್ಗವಾಗಿ ಬಂದವರು ಇರುವ ಬಡಾವಣೆಗಳಲ್ಲಿ. ಅಲ್ಲಿ ಎಲ್ಲರೂ ಹೊರಗಿನವರೇ.

ಅತ್ತೆಯವರಿಗಾಗಿ ಮಸೀದಿ ಪಕ್ಕವೇ ಮನೆ ಬೇಕು ಅಂತ ಹುಡುಕಬೇಡಿ. ನಮ್ಮ ಕಡೆ ಹೆಂಗಸರು ಬಹುಪಾಲು ಮನೆಯಲ್ಲೇ ನಮಾಜ್ ಮಾಡುತ್ತಾರೆ. ಅವರಿಗೆ ಬೇಕಾಗುವುದು ಮಾತಿಗೆ ಜನ. ದಖ್ಖನಿ ಉರ್ದುವಿನಲ್ಲೋ ವಿಜಯಪುರದ ಕನ್ನಡದಲ್ಲೋ ಸುಖದುಃಖ ಹೇಳಿಕೊಳ್ಳಲು ಸಂಜೆಗೆ ಒಬ್ಬ ಗೆಳತಿ ಇದ್ದರೆ ಸಾಕು. ಈ ಒಂದು ವಿಷಯದಲ್ಲಿ ಧಾರವಾಡ ಬೇರೆ ಎರಡು ಊರಿಗಿಂತ ಮುಂದೆ. ವಿಜಯಪುರಕ್ಕೆ ನೇರ ಬಸ್ಸೂ ಇದೆ.

ಶಾಲೆಯನ್ನು ಮನೆಗಿಂತ ಮೊದಲು ಆರಿಸಿ. ಅರ್ಜಿಯಲ್ಲಿ ಧರ್ಮದ ಕಾಲಂ ಬಂದಾಗ ಏನು ಬರೆಯುವುದು ಅಂತ ಇಬ್ಬರೂ ಮೊದಲೇ ನಿರ್ಧರಿಸಿರಿ, ಕೌಂಟರಿನ ಮುಂದೆ ನಿಂತು ಜಗಳವಾಡಿದವರನ್ನು ನೋಡಿದ್ದೇನೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ, ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಸಂವಿಧಾನದ 28ನೇ ವಿಧಿ ಅದು. ಪ್ರಿನ್ಸಿಪಾಲರನ್ನು ಇದರ ಬಗ್ಗೆ ನಗುನಗುತ್ತಲೇ ಕೇಳಿ. ಉತ್ತರಕ್ಕಿಂತ ಮುಖ ನೋಡಿ.

ಯಾರೂ ಕೇಳದ ಎರಡು ವಿಷಯ ಹೇಳಬೇಕು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ್ದರಿಂದ ನಿಮ್ಮಿಬ್ಬರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತದೆ. ಮನೆ ಕೊಂಡರೆ ಅದೇ ವಾರ ಉಯಿಲು ಬರೆಯಿರಿ. ಇನ್ನೊಂದು, ಸತ್ತ ಮೇಲಿನದು. ಖಬರಸ್ತಾನದಲ್ಲಿ ಜಾಗ ಕೊಡುವುದು ಜಮಾತ್, ಅಂದರೆ ಮಸೀದಿಗೆ ಸೇರಿದವರ ಕೂಟ. ಹೊಸ ಊರಿಗೆ ಹೋದ ಮೇಲೆ ಅತ್ತೆಯವರ ಹೆಸರಲ್ಲಿ ಜಮಾತಿನವರ ಪರಿಚಯ ಮಾಡಿಕೊಂಡಿರಿ. ಆ ಹೊತ್ತಿನಲ್ಲಿ ರಾತ್ರಿ ಹನ್ನೊಂದಕ್ಕೆ ಅಪರಿಚಿತರ ಬಾಗಿಲು ತಟ್ಟುವ ಸ್ಥಿತಿ ಬರಬಾರದು. ನಿಮ್ಮಿಬ್ಬರಿಗೆ ಏನು ಬೇಕು ಅನ್ನುವುದನ್ನೂ ಬರೆದಿಟ್ಟರೆ ಮಗಳ ಮೇಲೆ ಆ ಭಾರ ಬೀಳುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಮೂರು ಊರಲ್ಲಿ ಯಾವುದನ್ನೂ ಈಗಲೇ ಆರಿಸುತ್ತಿರಲಿಲ್ಲ. ಮಂಡ್ಯದವರು ಒಪ್ಪಿಕೊಂಡಿದ್ದರೆ ಮೈಸೂರಿನಲ್ಲಿ, ಇಲ್ಲದಿದ್ದರೆ ಧಾರವಾಡದಲ್ಲಿ ಒಂದು ತಿಂಗಳ ಮಟ್ಟಿಗೆ ಮನೆ ಹಿಡಿಯುತ್ತಿದ್ದೆ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಡಿಸೆಂಬರಿನಲ್ಲೋ ಜನವರಿಯಲ್ಲೋ ಹೋದರೆ ದಾಖಲಾತಿಗೂ ಸಮಯ ಉಳಿಯುತ್ತದೆ. ಬೆಂಗಳೂರಿನ ಮನೆ ಅಲ್ಲಿಯವರೆಗೆ ಬಿಡಬೇಡಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬೆಳಗ್ಗೆ ತಲೆಗೆ ದುಪಟ್ಟಾ ಹೊದ್ದು ಹಾಲಿಗೆ, ತರಕಾರಿಗೆ ಅವರೊಬ್ಬರೇ ಹೋಗಿ ಬರಲಿ. ಹದಿನೈದು ದಿನ ಕಳೆದ ಮೇಲೆ ತರಕಾರಿಯವಳು ಅವರನ್ನು ಏನಂತ ಕರೆಯುತ್ತಾಳೆ ಅಂತ ಕೇಳಿ ನೋಡಿ.